ಊಟಕ್ಕೆ ಮುಂಚಿನ ಸ್ತೋತ್ರದಲ್ಲಿ ಬಡವರ ಹೆಸರು

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಮೊನ್ನೆ ಭಾನುವಾರ ರಾತ್ರಿ ಊಟಕ್ಕೆ ಕುಳಿತಾಗ ಎಂಟು ವರ್ಷದ ನನ್ನ ಮಗ, “ದೇವರೇ, ಆಫ್ರಿಕಾದ ಮಕ್ಕಳಿಗೆ ಊಟ ಇಲ್ಲ, ನಮಗೆ ಕೊಟ್ಟಿದ್ದೀಯ, ಅದಕ್ಕೆ ನಿನಗೆ ಸ್ತೋತ್ರ” ಎಂದು ಪ್ರಾರ್ಥನೆ ಮಾಡಿದ. ಮಾವನವರು ಗಟ್ಟಿಯಾಗಿ ಆಮೆನ್ ಎಂದರು. ನನಗೆ ಮಾತ್ರ ಬಾಯಿ ಬರಲಿಲ್ಲ. ಇಂಥ ಕೃತಜ್ಞತೆ ಸರಿಯೇ? ನಾವು ಸಭೆಗೆ, ಅಂದರೆ ಚರ್ಚಿಗೆ, ಸಂಪಾದನೆಯ ಹತ್ತರಲ್ಲೊಂದು ಪಾಲನ್ನು ದಶಮಾಂಶವಾಗಿ ಕೊಡುತ್ತೇವೆ. ಅದಲ್ಲದೆ ತಿಂಗಳಿಗೆ ಐನೂರು ರೂಪಾಯಿ ತೆಗೆದಿಡಬಹುದು. ಲೋಕದ ಬಡತನಕ್ಕೆ ಅದು ಯಾವ ಲೆಕ್ಕ? ದೂರದವರಿಗೆ ಕೊಡಬೇಕೇ, ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ ಕೊಡಬೇಕೇ? ಮಾವನವರನ್ನು ಕೇಳಿದರೆ, “ಕೈಗೆ ದುಡ್ಡು ಕೊಟ್ಟರೆ ಕುಡಿದು ಕಳೆಯುತ್ತಾರೆ, ಬಡವರು ಯಾವಾಗಲೂ ಇದ್ದೇ ಇರುತ್ತಾರೆಂದು ಸ್ವಾಮಿಯೇ ಹೇಳಿದ್ದಾನೆ” ಎನ್ನುತ್ತಾರೆ.

ಉತ್ತರ: ಸಹೋದರಿಯವರೇ, ಮೊದಲಿಗೆ ಮಗುವನ್ನು ಗದರಬೇಡಿ. ತಟ್ಟೆಯಲ್ಲಿ ಅನ್ನ ಬಿಟ್ಟಾಗಲೆಲ್ಲ “ಎಷ್ಟೋ ಮಕ್ಕಳಿಗೆ ಇದೂ ಇಲ್ಲ” ಎಂದು ನಾವೇ ಹೇಳಿಕೊಟ್ಟದ್ದನ್ನು ಅವನು ದೇವರಿಗೆ ಒಪ್ಪಿಸಿದ್ದಾನೆ, ಅಷ್ಟೇ. ಆದರೆ ನಿಮಗೆ ಆಮೆನ್ ಎನ್ನಲು ಬಾಯಿ ಬರದೇ ಹೋದದ್ದು ಸಣ್ಣ ಸಂಗತಿಯಲ್ಲ. ಇದೇ ಅಚ್ಚಿನ ಪ್ರಾರ್ಥನೆಯೊಂದು ಸುವಾರ್ತೆಯಲ್ಲಿದೆ, ಯೇಸುಸ್ವಾಮಿ ಅದಕ್ಕೆ ಆಮೆನ್ ಎನ್ನಲಿಲ್ಲ.

ಲೂಕನ 18ನೆಯ ಅಧ್ಯಾಯದ ಸಾಮ್ಯ, ಅಂದರೆ ದೃಷ್ಟಾಂತಕಥೆ, ನಿಮಗೆ ಗೊತ್ತಿರುವುದೇ: ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ, ಒಬ್ಬ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ, ಇನ್ನೊಬ್ಬ ಜನ ಪಾಪಿಯೆಂದು ಹಳಿಯುತ್ತಿದ್ದ ಸುಂಕ ವಸೂಲಿಯವನು. ನಾವು ಫರಿಸಾಯನನ್ನು ಜಂಬದವನೆಂದು ಬದಿಗೆ ತಳ್ಳಿ, ಅವನ ಪ್ರಾರ್ಥನೆ ಸ್ತೋತ್ರದಿಂದಲೇ ಶುರುವಾಗುತ್ತದೆಂಬುದನ್ನು ಮರೆಯುತ್ತೇವೆ. ನಾನು ಉಳಿದವರ ಹಾಗಲ್ಲ, ಈ ಸುಂಕದವನ ಹಾಗಲ್ಲ, ಅದಕ್ಕಾಗಿ ನಿನಗೆ ಸ್ತೋತ್ರ ಎನ್ನುತ್ತಾನೆ. ವಾರಕ್ಕೆ ಎರಡು ಸಾರಿ ಉಪವಾಸ, ಸಂಪಾದನೆಯಲ್ಲೆಲ್ಲ ದಶಮಾಂಶ. ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ತೊಂದರೆ ಇರುವುದು ಹೋಲಿಕೆಯಲ್ಲಿ. ಅವನ ಸ್ತೋತ್ರ ನಿಲ್ಲಬೇಕಾದರೆ ಹಿಂದುಗಡೆ ಆ ಸುಂಕದವನು ತಲೆ ತಗ್ಗಿಸಿ ನಿಂತಿರಲೇಬೇಕು. ನಿಮ್ಮ ಮನೆಯ ಪ್ರಾರ್ಥನೆಗೂ ಇದೇ ಪರೀಕ್ಷೆಯನ್ನು ಹಚ್ಚಿ ನೋಡಿ: ನಾಳೆ ಆಫ್ರಿಕಾದ ಆ ಮಕ್ಕಳಿಗೆಲ್ಲ ಹೊಟ್ಟೆತುಂಬ ಊಟ ಸಿಕ್ಕಿತೆನ್ನಿ, ಆಗ ನಮ್ಮ ಸ್ತೋತ್ರದ ಕಾವು ಇಳಿಯುವುದಾದರೆ ಅದು ಸ್ತೋತ್ರವಲ್ಲ, ಪಕ್ಕದ ಮನೆಗೆ ಬಿದ್ದ ಬೆಂಕಿ ನಮ್ಮ ಮನೆಗೆ ತಗುಲಲಿಲ್ಲವೆಂದು ಬಿಟ್ಟ ನಿಟ್ಟುಸಿರು.

ಹಾಗಾದರೆ ಸ್ತೋತ್ರವೆಂದರೇನು ಎಂಬುದಕ್ಕೆ ಬೈಬಲಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಎರಡನೆಯ ಕೊರಿಂಥದ, ಅಂದರೆ ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಗೆ ಬರೆದ ಎರಡನೆಯ ಪತ್ರದ, 8 ಮತ್ತು 9ನೆಯ ಅಧ್ಯಾಯಗಳು. ಕ್ರಿ.ಶ. 50ರ ದಶಕದ ಮಧ್ಯಭಾಗದಲ್ಲಿ ಪೌಲನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಗ್ರೀಸಿನ ಕಡೆಯ ಸಭೆಗಳಿಂದ ಹಣ ಕೂಡಿಸುತ್ತಿದ್ದ. ಕೊರಿಂಥ ವ್ಯಾಪಾರದ ಬಂದರುಪಟ್ಟಣ; ಅಲ್ಲಿಯವರು ಮಾತು ಕೊಟ್ಟು ವರ್ಷ ಕಳೆದರೂ ಕೆಲಸ ಮುಗಿಸಿರಲಿಲ್ಲ. ಉತ್ತರದ ಮಕೆದೋನ್ಯದ ಸಭೆಗಳಾದರೋ ತಾವೇ ಕಡುಬಡತನದಲ್ಲಿದ್ದರೂ, ಈ ಸಹಾಯದಲ್ಲಿ ನಮಗೂ ಪಾಲು ಕೊಡಿ ಎಂದು ಪೌಲನನ್ನು ಅಂಗಲಾಚಿ ಬೇಡಿಕೊಂಡು ಶಕ್ತಿ ಮೀರಿ ಕೊಟ್ಟಿದ್ದವು. ಈ ಎರಡು ಅಧ್ಯಾಯಗಳಲ್ಲಿ ‘ಖಾರಿಸ್’ ಎಂಬ ಒಂದೇ ಗ್ರೀಕ್ ಪದ ಹತ್ತಾರು ಕಡೆ ಬರುತ್ತದೆ: ದೇವರು ಮಕೆದೋನ್ಯದವರಿಗೆ ಮಾಡಿದ ಕೃಪೆಯೂ ಖಾರಿಸ್, ಅವರು ಕೂಡಿಸಿದ ಹಣವೂ ಖಾರಿಸ್, ಕೊನೆಗೆ ದೇವರಿಗೆ ಸಲ್ಲುವ ಸ್ತೋತ್ರವೂ ಖಾರಿಸ್. ಕನ್ನಡದಲ್ಲಿ ಇದಕ್ಕೆ ಕೃಪೆ, ಧರ್ಮಕಾರ್ಯ, ಸ್ತೋತ್ರ ಎಂದು ಬೇರೆ ಬೇರೆ ಪದ ಹಾಕದೆ ಗತಿಯಿಲ್ಲವಾದ್ದರಿಂದ, ನಾವು ಓದುವಾಗ ಅವು ಮೂರು ಬೇರೆ ಬೇರೆ ಸಂಗತಿಗಳಂತೆ ಕಾಣುತ್ತವೆ. ಪೌಲನಿಗೆ ಅದು ಒಂದೇ ಹರಿವು: ಮೇಲಿನಿಂದ ಬಂದದ್ದು ಕೈಯಿಂದ ಕೈಗೆ ದಾಟಿ ಸ್ತೋತ್ರವಾಗಿ ಮೇಲಕ್ಕೆ ತಿರುಗುತ್ತದೆ. ನಮ್ಮ ಕಥೋಲಿಕ ಬಂಧುಗಳು ಕೃಪೆಗೆ ವರಪ್ರಸಾದ ಎನ್ನುತ್ತಾರೆ, ಆ ಪದ ಇಲ್ಲಿ ನನಗೆ ಬಹಳ ಹಿಡಿಸುತ್ತದೆ. ಏಕೆಂದರೆ ಪ್ರಸಾದವನ್ನು ಯಾರೂ ತಿಜೋರಿಯಲ್ಲಿಟ್ಟು ಬೀಗ ಹಾಕುವುದಿಲ್ಲ, ಕೈಯೊಡ್ಡಿ ಪಡೆದವನೇ ಮನೆಗೆ ತಂದು ನಾಲ್ಕು ಜನಕ್ಕೆ ಹಂಚುತ್ತಾನೆ.

ಅಂದಮೇಲೆ ಕೊಡುವುದು ಕೃತಜ್ಞತೆಯ ನಂತರ ಮಾಡುವ ಇನ್ನೊಂದು ಕೆಲಸವಲ್ಲ. ಕೊಡದೆ ನಿಂತುಹೋದ ಕೃತಜ್ಞತೆ ಕಾಲುವೆಯ ಮೇಲ್ಭಾಗದವರು ತೂಬು ಮುಚ್ಚಿಕೊಂಡ ಹಾಗೆ. ಭದ್ರಾ ನಾಲೆಯ ಕೊನೆಯ ಭಾಗದ ರೈತರನ್ನು ಕೇಳಿದರೆ ಅದರ ಅರ್ಥವನ್ನು ನನಗಿಂತ ಚೆನ್ನಾಗಿ ಹೇಳಿಯಾರು.

ಇನ್ನೊಂದು ಮಾತನ್ನು ಗಮನಿಸಬೇಕು. ಯೆರೂಸಲೇಮಿನವರು ಕೊರಿಂಥದವರಿಗೆ ಋಣಿಗಳಾಗಿರಬೇಕೆಂದು ಪೌಲನು ಎಲ್ಲಿಯೂ ಹೇಳುವುದಿಲ್ಲ. ಪಡೆದವರು ದೇವರನ್ನು ಸ್ತುತಿಸುತ್ತಾರೆ, ನಿಮಗಾಗಿ ಪ್ರಾರ್ಥಿಸುತ್ತಾರೆ, ಅಷ್ಟೇ. ರೋಮಾಪುರದವರಿಗೆ ಬರೆದ ಪತ್ರದ 15ನೆಯ ಅಧ್ಯಾಯದಲ್ಲಂತೂ ಲೆಕ್ಕವನ್ನೇ ತಿರುಗಿಸಿಬಿಡುತ್ತಾನೆ: ಹಣ ಕೊಟ್ಟ ಅನ್ಯಜನರೇ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳೇ, ಯೆರೂಸಲೇಮಿನ ಬಡವರಿಗೆ ಋಣಸ್ಥರು, ಏಕೆಂದರೆ ಸುವಾರ್ತೆ ಅವರಿಗೆ ಬಂದದ್ದು ಅಲ್ಲಿಂದ. ಮಠಗಳ ದಾಸೋಹವನ್ನು ನೋಡುತ್ತ ಬೆಳೆದ ನಮ್ಮ ಸೀಮೆಯವರಿಗೆ ಇದು ತೀರ ಹೊಸದಾಗಿ ಕೇಳಿಸಲಾರದು. ಆ ಮಾತಿನಲ್ಲೂ ದಾಸನಾಗಿ ನಿಲ್ಲುವವನು ಉಣ್ಣುವವನಲ್ಲ, ನೀಡುವವನು. ಕನ್ನಡದಲ್ಲಿ ‘ಹಂಗು’ ಎಂಬ ಚೂಪಾದ ಪದವಿದೆ. ಹಂಗಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತೇವಲ್ಲ, ಆ ಹಂಗನ್ನು ಹೊರಿಸದೆ ಕೊಡುವುದು ಹೇಗೆಂಬುದೇ ನನ್ನ ದೃಷ್ಟಿಯಲ್ಲಿ ಕ್ರೈಸ್ತ ಔದಾರ್ಯದ ತೊಡಕಿನ ಪ್ರಶ್ನೆ, ಎಷ್ಟು ಕೊಡಬೇಕೆಂಬುದಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಚಳ್ಳಕೆರೆ ಸೀಮೆಯ ಒಂದು ಸಣ್ಣ ಸಭೆಯಲ್ಲಿ ನಾಚಿಕೆಪಟ್ಟು ಕಲಿತೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಮಳೆ ಕೈಕೊಟ್ಟ ವರ್ಷ, ಆದರೂ ಸುಗ್ಗಿ ಹಬ್ಬ ನಿಲ್ಲಿಸುವುದು ಬೇಡವೆಂದು ಸಭೆಯವರು ತೀರ್ಮಾನಿಸಿದ್ದರು; ಉಪದೇಶಕ್ಕೆ ನನ್ನನ್ನು ಕರೆದಿದ್ದರು. ಮೇಜಿನ ಮೇಲೆ ನಾಲ್ಕಾರು ಕುಂಬಳಕಾಯಿ, ಒಂದು ಬಾಳೆಗೊನೆ, ಮೊರದಲ್ಲಿ ನವಣೆ, ಕಾಲು ಕಟ್ಟಿದ ಎರಡು ನಾಟಿಕೋಳಿ. ಕೂಲಿ ಮಾಡುವ ಮುದುಕಿಯೊಬ್ಬಳು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಒಂದು ಸೇರಿನಷ್ಟು ಶೇಂಗಾವನ್ನು ಮೇಜಿನ ಅಂಚಿಗೆ ಸುರಿದಳು. ಕಿತ್ತ ಹೊಲದಲ್ಲಿ ಮಣ್ಣು ಕೆದಕಿ ಆಯ್ದ ಹಕ್ಕಲು ಶೇಂಗಾ ಅದು. ಅರ್ಧಕ್ಕರ್ಧ ಜೊಳ್ಳು, ಸಿಪ್ಪೆಯ ಮೇಲೆ ಕೆಂಪು ಮಣ್ಣು ಇನ್ನೂ ಹಾಗೇ ಇತ್ತು. ಆರಾಧನೆ ಮುಗಿದ ಮೇಲೆ ಆ ಕಾಣಿಕೆಗಳ ಸವಾಲು, ಅಂದರೆ ಹರಾಜು, ಶುರುವಾಯಿತು. ಆ ಶೇಂಗಾವನ್ನು ಹತ್ತು ರೂಪಾಯಿಗೆ ಕೂಗಿದರು, ಪೇಟೆಯಿಂದ ಬಂದಿದ್ದ ವ್ಯಾಪಾರಸ್ಥರೊಬ್ಬರು ಒಂದೇ ಏಟಿಗೆ ಮುನ್ನೂರಕ್ಕೆ ಹಿಡಿದರು, ಹಿಡಿದವರು ಅದನ್ನು ಚೀಲಕ್ಕೆ ತುಂಬಿ ಎಲ್ಲರೆದುರು ಮುದುಕಿಯ ಕೈಗೇ ಕೊಟ್ಟುಬಿಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಮುದುಕಿಯ ಮುಖ ಸಪ್ಪಗಾಯಿತು. ಚೀಲವನ್ನು ತಿರುಗಿ ಮೇಜಿನ ಮೇಲಿಟ್ಟು, “ನಾನು ದೇವ್ರಿಗೆ ಕೊಟ್ಟಿದ್ದು. ನೀವ್ಯಾಕೆ ನಂಗೆ ವಾಪಸ್ ಕೊಡ್ತೀರಿ?” ಎಂದಳು.

ಆ ವ್ಯಾಪಾರಸ್ಥರ ಮನಸ್ಸು ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಕೊಡುವವಳಾಗಿ ಬಂದವಳನ್ನು ನಾವು ಪಡೆಯುವವಳ ಸಾಲಿಗೆ ತಿರುಗಿ ತಂದು ಕೂರಿಸಿದ್ದೆವು, ಅದೂ ಚಪ್ಪಾಳೆ ಹೊಡೆದು. ಮಕೆದೋನ್ಯದವರು ಬೇಡಿಕೊಂಡದ್ದು ಇದಕ್ಕೇ: ನಮ್ಮನ್ನು ಬಡವರೆಂದು ಕೊಡುವವರ ಪಟ್ಟಿಯಿಂದ ಬಿಡಬೇಡಿ.

ಹಕ್ಕಲು ಎಂದೆನಲ್ಲ, ಅದರ ಬಗ್ಗೆಯೂ ಸ್ವಲ್ಪ ಹೇಳಬೇಕು, ನಿಮ್ಮ ಮಂಡಕ್ಕಿ ಭಟ್ಟಿಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಬೈಬಲಿನ ಯಾಜಕಕಾಂಡ 19ರಲ್ಲಿ, ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೆ ಕೊಯ್ಯಬೇಡ, ಹಕ್ಕಲಾಯಬೇಡ, ದ್ರಾಕ್ಷಿತೋಟದಲ್ಲಿ ಉದುರಿದ್ದನ್ನು ಕೂಡಿಸಬೇಡ, ಅದನ್ನು ಬಡವರಿಗೂ ಪರದೇಶಿಗೂ ಬಿಡು ಎಂಬ ವಿಧಿಯಿದೆ. ಇಲ್ಲಿ ಹೊಲದ ಒಡೆಯ ಯಾರಿಗೂ ಏನನ್ನೂ ಕೈಯೆತ್ತಿ ಕೊಡುವುದಿಲ್ಲ; ಬಿಡುತ್ತಾನೆ. ಬಡವ ಬರುತ್ತಾನೆ, ಬೆನ್ನು ಬಗ್ಗಿಸಿ ಆಯುತ್ತಾನೆ, ತನ್ನದನ್ನು ತೆಗೆದುಕೊಂಡು ಹೋಗುತ್ತಾನೆ; ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಕ್ಕಲಾಯಲು ಬಂದ ಪರದೇಶದ ವಿಧವೆ ರೂತಳ ಕಥೆಯಲ್ಲಿ ಹೊಲದ ಒಡೆಯ ಬೋವಜನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಿವುಡುಗಳಿಂದ ಬೇಕೆಂದೇ ತೆನೆಗಳನ್ನು ಎಳೆದು ಬೀಳಿಸಿರಿ, ಅವಳನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳುತ್ತಾನೆ. ಹಂಗು ತಟ್ಟದಂತೆ ಕೊಡುವ ಜಾಣತನವೆಂದರೆ ಇದು. ಧರ್ಮೋಪದೇಶಕಾಂಡ 24ರಲ್ಲಿ ಇದೇ ವಿಧಿಗೆ ಕೊಟ್ಟ ಕಾರಣವನ್ನು ನೋಡಿ: ನೀನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸನಾಗಿದ್ದುದನ್ನು ನೆನಪಿನಲ್ಲಿಟ್ಟುಕೋ. ಕೃತಜ್ಞತೆಯೆಂದರೆ ಮಾಡಿದ ಉಪಕಾರವನ್ನು ಅರಿತಿರುವುದು, ಪದದ ಅರ್ಥವೇ ಅದು. ಆ ಅರಿವು ಇಲ್ಲಿ ಹಾಡಾಗಿ ನಿಲ್ಲದೆ ಹೊಲದ ಅಂಚಿಗೆ ಬಂದು ಕಾನೂನಾಗಿದೆ.

ಸಂಜೆ ನಾವು ಹಾಯಾಗಿ ಕುಳಿತು ತಿನ್ನುವ ಮಿರ್ಚಿ ಮಂಡಕ್ಕಿಯ ಹಿಂದೆ, ಕಾದ ಮರಳಿನ ಝಳಕ್ಕೆ ಮುಖವೊಡ್ಡಿ ನಿಂತ ಒಬ್ಬ ಮನುಷ್ಯನಿದ್ದಾನೆ. ಒಂದು ಹಿಡಿ ಅಕ್ಕಿ ಕ್ಷಣಾರ್ಧದಲ್ಲಿ ಅರಳಿ ಬಾಣಲೆ ತುಂಬುವುದು ನೋಡಲು ಚಂದ, ಅದರ ಎದುರು ದಿನವಿಡೀ ನಿಲ್ಲುವುದು ಬೇರೆ ಮಾತು. ಅವನಿಗೆ ಕ್ರಿಸ್‌ಮಸ್ಸಿಗೊಂದು ಕಂಬಳಿ ಕೊಡುವುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ನಮ್ಮಿಂದ ಅವನಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂಬುದು. ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ. ಆದ್ದರಿಂದ ಹತ್ತಿರದ ಬಡವರ ವಿಷಯದಲ್ಲಿ ನನ್ನ ಮೊದಲ ಸಲಹೆ ದಾನದ್ದಲ್ಲ. ಮನೆಗೆಲಸದವರಿಗೆ ರಜೆಯ ದಿನದ ಸಂಬಳ ಹಿಡಿಯಬೇಡಿ, ಸೊಪ್ಪು ಮಾರುವವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ, ನಿಮ್ಮ ಶಾಲೆಯ ಆಯಾಗೆ ಸಂಬಳ ತಡವಾದರೆ ಸಿಬ್ಬಂದಿ ಸಭೆಯಲ್ಲಿ ಮಾತೆತ್ತಿ. ಇದಕ್ಕೆ ಐನೂರು ರೂಪಾಯಿಯನ್ನು ಮುಟ್ಟಬೇಕಾಗಿಯೇ ಇಲ್ಲ.

ಇನ್ನು ನಿಮ್ಮ ಮಾವನವರು. ಬಡವರು ಯಾವಾಗಲೂ ನಿಮ್ಮ ಸಂಗಡ ಇರುತ್ತಾರೆಂದು ಸ್ವಾಮಿ ಹೇಳಿದ್ದು ನಿಜ, ಆದರೆ ಮಾರ್ಕನ 14ನೆಯ ಅಧ್ಯಾಯದಲ್ಲಿ ಆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ನಿಮಗೆ ಮನಸ್ಸು ಬಂದಾಗ ಅವರಿಗೆ ಉಪಕಾರ ಮಾಡಬಹುದು ಎಂಬ ಮಾತು ಬೆನ್ನಿಗೇ ಇದೆ. ಕೇಳುತ್ತಿದ್ದವರೆಲ್ಲರಿಗೂ ಅದರ ಮೂಲ ಗೊತ್ತಿತ್ತು. ಧರ್ಮೋಪದೇಶಕಾಂಡ 15ರಲ್ಲಿ ಬಡವರು ದೇಶದಲ್ಲಿ ಇದ್ದೇ ಇರುವರು, ಆದಕಾರಣ ನಿನ್ನ ಕೈಯನ್ನು ಧಾರಾಳವಾಗಿ ತೆರೆ ಎಂದಿದೆ. ‘ಆದಕಾರಣ’ದ ಹಿಂದಿನ ಅರ್ಧವನ್ನಷ್ಟೇ ಇಟ್ಟುಕೊಂಡು ಮುಂದಿನದನ್ನು ಬಿಟ್ಟರೆ ವೈದ್ಯರ ಚೀಟಿಯಲ್ಲಿ ಕಾಯಿಲೆಯ ಹೆಸರನ್ನು ಓದಿ ಮದ್ದನ್ನು ಬಿಟ್ಟ ಹಾಗಾಗುತ್ತದೆ.

ಕುಡಿತದ ಮಾತಿಗೆ ಬಂದರೆ, ಅದು ನಮ್ಮ ಬೀದಿಗಳಲ್ಲಿ ಕಣ್ಣಿಗೆ ಕಾಣುವ ಸಂಕಟ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಡವರ ಕೈಗೆ ನಗದು ಕೊಟ್ಟರೆ ಕುಡಿತ ಹೆಚ್ಚುತ್ತದೆಯೇ ಎಂಬುದನ್ನು ಊಹೆಗೆ ಬಿಡದೆ ಅಳೆದು ನೋಡಿದವರಿದ್ದಾರೆ. ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾಗಳಲ್ಲಿ ನಡೆದ 19 ಅಧ್ಯಯನಗಳನ್ನು ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು 2014ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ನಗದು ಪಡೆದ ಕುಟುಂಬಗಳಲ್ಲಿ ಹೆಂಡ, ತಂಬಾಕಿನ ಖರ್ಚು ಹೆಚ್ಚಾಗಲಿಲ್ಲವೆಂಬುದೇ ಹೆಚ್ಚುಕಡಿಮೆ ಎಲ್ಲ ಕಡೆ ಕಂಡ ಫಲಿತಾಂಶ. ನಾಲ್ಕನೆಯ ಶತಮಾನದಲ್ಲಿ ಸಿರಿಯ ಸೀಮೆಯ ಅಂತಿಯೋಕ್ಯ ಪಟ್ಟಣದಲ್ಲಿ ಬೋಧಿಸುತ್ತಿದ್ದ ಯೋವಾನ್ ಕ್ರಿಸೊಸ್ತೊಮನಿಗೂ ಇಂಥದೇ ತಕರಾರು ಎದುರಾಗಿರಬೇಕು. ಐಶ್ವರ್ಯವಂತ ಮತ್ತು ಅವನ ಬಾಗಿಲಲ್ಲಿ ಬಿದ್ದಿದ್ದ ಬಡವ ಲಾಜರನ ಸಾಮ್ಯವನ್ನು ಹಿಡಿದು ಮಾಡಿದ ಪ್ರಸಂಗಗಳಲ್ಲಿ ಅವನು ದಾನಿಯನ್ನು ಬಂದರಿಗೆ ಹೋಲಿಸುತ್ತಾನೆ: ಹಡಗು ಒಡೆದು ಬಂದವನು ಒಳ್ಳೆಯವನೋ ಕೆಟ್ಟವನೋ ಎಂದು ಬಂದರು ವಿಚಾರಣೆ ಮಾಡುವುದಿಲ್ಲ. ಮಾವನವರಿಗೆ ಇದನ್ನು ವಾದಕ್ಕೆಂದು ಹೇಳಬೇಡಿ. ಹಿರಿಯರು ವಾದದಲ್ಲಿ ಸೋಲುವುದು ಅಪರೂಪ.

ಐನೂರು ರೂಪಾಯಿ ಯಾವ ಲೆಕ್ಕ ಎಂದು ಕೇಳಿದ್ದೀರಿ. ವಿಶ್ವಬ್ಯಾಂಕು 2025ರ ಜೂನಿನಿಂದ ಕಡುಬಡತನದ ಗೆರೆಯನ್ನು ದಿನಕ್ಕೆ 3 ಡಾಲರಿಗೆ ಎಳೆದಿದೆ. ಇದನ್ನು ಬ್ಯಾಂಕಿನ ವಿನಿಮಯ ದರದಲ್ಲಿ ರೂಪಾಯಿ ಮಾಡಿಕೊಳ್ಳಬಾರದು. ಆಯಾ ದೇಶದ ಬೆಲೆಗಳಿಗೆ ಹೊಂದಿಸಿದ ಲೆಕ್ಕವಾದ್ದರಿಂದ ನಮ್ಮಲ್ಲಿ ಅದು ಬಹಳ ಕಡಿಮೆ ಮೊತ್ತ. ಆ ಗೆರೆಯ ಕೆಳಗೆ ಈಗ ಲೋಕದಲ್ಲಿ 80 ಕೋಟಿ ಜನರಿದ್ದಾರೆಂಬುದು ಅಂದಾಜು. 1990ರಲ್ಲಿ, ಲೋಕದ ಜನಸಂಖ್ಯೆ ಈಗಿನದಕ್ಕಿಂತ ಬಹಳ ಕಡಿಮೆ ಇದ್ದಾಗಲೇ, ಆ ಸಂಖ್ಯೆ 200 ಕೋಟಿಗೂ ಹೆಚ್ಚಿತ್ತು. ಅಂದರೆ ಬಡತನ ಅಲುಗಾಡದ ಬಂಡೆಯಲ್ಲ. ಉಳಿದವರಲ್ಲಿ ಹೆಚ್ಚಿನವರು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿದ್ದಾರೆ ಎಂಬುದರ ಮಟ್ಟಿಗೆ ನಿಮ್ಮ ಮಗ ಹೇಳಿದ್ದು ಸರಿ. ಆದರೆ ಅದೇ ಲೆಕ್ಕದ ಪ್ರಕಾರ 2022-23ರಲ್ಲಿ ಭಾರತದಲ್ಲಿ ಶೇ. 5.3ರಷ್ಟು ಜನ, ಅಂದರೆ ಸುಮಾರು ಏಳೂವರೆ ಕೋಟಿ ಮಂದಿ, ಆ ಗೆರೆಯ ಕೆಳಗಿದ್ದರು. ಲೋಕದ ಬಡತನವೆಂಬುದು ಸಮುದ್ರದ ಆಚೆಯ ಮಾತೇನಲ್ಲ.

ಆದ್ದರಿಂದ ಹತ್ತಿರವೋ ದೂರವೋ ಎಂದು ಒಂದನ್ನು ಆರಿಸಿಕೊಳ್ಳುವುದು ಬೇಡ. ಅಂತಿಯೋಕ್ಯದ ಶಿಷ್ಯರು, ಅಪೊಸ್ತಲರ ಕೃತ್ಯಗಳು 11ರಲ್ಲಿ ಓದುವಂತೆ, ಬರಗಾಲದ ಸುದ್ದಿ ಕೇಳಿ ತಾವು ಎಂದೂ ಕಾಣದ ಯೂದಾಯದವರಿಗೆ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಹಣ ಕಳುಹಿಸಿದರು. ಅಂತಿಯೋಕ್ಯದಲ್ಲಿ ಬಡವರೇ ಇರಲಿಲ್ಲವೆಂದಲ್ಲ. ನನ್ನನ್ನು ಕೇಳಿದರೆ, ಹತ್ತಿರದವರಿಗೆ ಮೊದಲು ನ್ಯಾಯ ಸಲ್ಲಿಸಿ, ಮೂರು ನೂರು ರೂಪಾಯಿಯನ್ನು ಕಣ್ಣಿಗೆ ಕಂಡ ಕಷ್ಟಕ್ಕೆಂದು ಕೈಯಲ್ಲಿಟ್ಟುಕೊಂಡು, ಇನ್ನೂರನ್ನು ನೀವು ಎಂದೂ ನೋಡದವರಿಗೆ ಸಲ್ಲುವಂತೆ ಸಭೆಯ ಪರಿಹಾರ ನಿಧಿಯ ಮೂಲಕ ಕೊಡಿ ಎನ್ನುತ್ತೇನೆ. ದೂರಕ್ಕೆ ಕೊಡುವುದರಲ್ಲಿ ಒಂದು ಗುಣವಿದೆ: ಪಡೆದವನು ನಿಮ್ಮ ಎದುರು ಬಂದು ಕೈಮುಗಿಯುವ ಸಂಭವವೇ ಇಲ್ಲ. ಲೆಕ್ಕ ಕೇಳಲು ಸಂಕೋಚಪಡಬೇಡಿ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸದಿರಲೆಂದು ಪೌಲನೇ ಸಭೆಗಳು ಆರಿಸಿದ ಸಹೋದರರನ್ನು ಹಣದ ಜೊತೆಗೆ ಕಳುಹಿಸುತ್ತಾನೆ. ಅಪೊಸ್ತಲನಿಗೆ ಇದ್ದ ಎಚ್ಚರ ನಮ್ಮ ಖಜಾಂಚಿಗಳಿಗೂ ಇರಲಿ. ವಾಟ್ಸಾಪಿನಲ್ಲಿ ಎಲುಬು ಕಾಣುವ ಮಗುವಿನ ಫೋಟೋ, ಅದರ ಕೆಳಗೆ ಯಾರದೋ ಯುಪಿಐ ಸಂಖ್ಯೆ ಬಂದರೆ ಕೊಡಬೇಡಿ. ಮೋಸವಿರಬಹುದೆಂಬುದು ಒಂದು ಕಾರಣ, ಆ ಮಗುವಿನ ಮಾನ ತೆಗೆದು ಎತ್ತಿದ ಹಣವೆಂಬುದು ಇನ್ನೊಂದು.

ಕಿಸೆಯಿಂದ ತೀರದ ಭಾಗವೂ ಒಂದಿದೆ. ಬಡ ದೇಶಗಳ ಸಾಲದ ಬಡ್ಡಿಯೇ ಅವುಗಳ ಶಾಲೆ, ಆಸ್ಪತ್ರೆಗಳ ಹಣವನ್ನು ನುಂಗುತ್ತಿದ್ದಾಗ, ಐವತ್ತು ವರ್ಷಕ್ಕೊಮ್ಮೆ ದಾಸರನ್ನು ಬಿಡಿಸಿ ಭೂಮಿಯನ್ನು ಹಿಂದಿರುಗಿಸುವ ಯಾಜಕಕಾಂಡ 25ರ ಜೂಬಿಲಿ ವರ್ಷದ ಹೆಸರಿನಲ್ಲಿಯೇ ಕ್ರೈಸ್ತರೂ ಇತರರೂ ಸೇರಿ ಆ ಸಾಲ ಮನ್ನಾ ಮಾಡಿರೆಂದು ಚಳವಳಿ ನಡೆಸಿ, 1998ರ ಮೇ ತಿಂಗಳಲ್ಲಿ ಶ್ರೀಮಂತ ದೇಶಗಳ ನಾಯಕರು ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿದ್ದಾಗ ಸುಮಾರು 70,000 ಜನ ಕೈಕೈ ಹಿಡಿದು ನಗರದ ಮಧ್ಯಭಾಗವನ್ನು ಸುತ್ತುವರಿದರು. ಆಮೇಲಿನ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳ, ಬಹುಪಾಲು ಆಫ್ರಿಕಾದವುಗಳ, ಸಾಲದ ದೊಡ್ಡ ಪಾಲು ಮನ್ನಾ ಆಯಿತು. ಸಾಲಮನ್ನಾ ಎಂದರೇನೆಂದು ಚಿತ್ರದುರ್ಗದ ಒಣಭೂಮಿಯ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಈಗ ಅವುಗಳಲ್ಲಿ ಹಲವು ಮತ್ತೆ ಸಾಲದಲ್ಲಿ ಸಿಕ್ಕಿಬಿದ್ದಿವೆ. ಕಥೋಲಿಕ ಸಭೆಯ 2025ರ ಜೂಬಿಲಿ ವರ್ಷಕ್ಕಾಗಿ ಪೋಪ್ ಫ್ರಾನ್ಸಿಸ್ ಅದೇ ಬೇಡಿಕೆಯನ್ನು ಶ್ರೀಮಂತ ದೇಶಗಳ ಮುಂದೆ ಮತ್ತೆ ಇಟ್ಟಿದ್ದರು. ನಿಮ್ಮ ಸಭೆಯ ಮಧ್ಯಸ್ಥಿಕೆಯ ಪ್ರಾರ್ಥನೆಯಲ್ಲಿ ಇದಕ್ಕೂ ಒಂದು ಸಾಲು ಸಿಗಲಿ.

ನಿಮ್ಮ ಪತ್ರದಲ್ಲಿ ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದು ನನಗೆ ಕಾಣುತ್ತಿದೆ: ಇಷ್ಟೆಲ್ಲ ಗೊತ್ತಿದ್ದೂ ನಾವು ಹೊಟ್ಟೆತುಂಬ ಉಣ್ಣಬಹುದೇ? ಉಣ್ಣಿ. ಪ್ರಥಮಫಲದ ಬುಟ್ಟಿಯನ್ನು ಯಜ್ಞವೇದಿಯ ಮುಂದಿಟ್ಟು, ದೇವರು ಮಾಡಿದ್ದನ್ನೆಲ್ಲ ಬಾಯಿತುಂಬ ಹೇಳಿದ ಮೇಲೆ, ಧರ್ಮೋಪದೇಶಕಾಂಡ 26ರಲ್ಲಿ ಬರುವ ಅಪ್ಪಣೆ ಸಂತೋಷಪಡು ಎಂಬುದು. ಸ್ವಂತ ಭೂಮಿಯಿಲ್ಲದ ದೇವಸೇವಕನಾದ ಲೇವಿಯನನ್ನೂ ಪರದೇಶಿಯನ್ನೂ ಕೂರಿಸಿಕೊಂಡು ಸಂತೋಷಪಡು ಎಂಬುದಷ್ಟೇ ಷರತ್ತು. ಬೇರೆಯವರಿಗೆ ಸುಖವಾಗಲೆಂದು ನಿಮಗೆ ಕಷ್ಟವಾಗಬೇಕೆಂದಲ್ಲ, ಸಮಾನತೆಯಿರಲಿ ಎಂದು ಪೌಲನೂ ಬರೆಯುತ್ತಾನೆ. ತಪ್ಪಿತಸ್ಥ ಭಾವದಿಂದ ಕೊಟ್ಟ ಹಣ ಎರಡು ತಿಂಗಳಿಗೆ ನಿಲ್ಲುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಮಗನ ಪ್ರಾರ್ಥನೆ. ಎಲ್ಲರೆದುರು ತಿದ್ದಬೇಡಿ. ಮಲಗುವಾಗ, ಕರ್ತನ ಪ್ರಾರ್ಥನೆಯಲ್ಲಿ ನಮ್ಮ ಅನುದಿನದ ಆಹಾರವನ್ನು ‘ನಮಗೆ’ ದಯಪಾಲಿಸು ಎನ್ನುತ್ತೇವಲ್ಲ, ಆ ‘ನಮಗೆ’ಯಲ್ಲಿ ಯಾರು ಯಾರು ಇದ್ದಾರೆಂದು ಅವನನ್ನೇ ಕೇಳಿ, ಮಕ್ಕಳು ಇಂಥ ಲೆಕ್ಕದಲ್ಲಿ ಚುರುಕು, ಅವನು ಶಾಲೆಯ ಗೆಳೆಯರಿಂದ ಹಿಡಿದು ಬೀದಿಯ ನಾಯಿಯವರೆಗೆ ಸೇರಿಸಿಯಾನು. ಆಮೇಲೆ ಅಡುಗೆಮನೆಯಲ್ಲಿ ಒಂದು ಡಬ್ಬಿ ಇಡಿ. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ: ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ಬೇರೆ ತೆಗೆದಿಡುತ್ತಾರೆ. ಶುರುಮಾಡಿದಾಗ ಅವರೇ ಬಡವರು. ಇಂದು ಅಲ್ಲಿಯ ಸಭೆಗೆ ಆ ಹಿಡಿಹಿಡಿ ಅಕ್ಕಿಯಿಂದಲೇ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ನಿಮ್ಮ ಮನೆಯಲ್ಲಿ ಆ ಹಿಡಿಯನ್ನು ಮಗನೇ ಹಾಕಲಿ, ಎಂಟು ವರ್ಷದವನ ಹಿಡಿ ಎಷ್ಟಿರುತ್ತದೋ ಅಷ್ಟೇ ಸಾಕು. ಡಬ್ಬಿ ತುಂಬಿದ ದಿನ ಅದನ್ನು ಯಾರ ಮನೆಗೆ ಮುಟ್ಟಿಸಬೇಕೆಂದು ಅವನು ಹೇಳಲಿ, ಹೊತ್ತುಕೊಂಡು ಹೋಗಲು ಮಾವನವರನ್ನು ಜೊತೆಗೆ ಕಳುಹಿಸಿ. ಆ ಮನೆಯವರು ಚಹಾ ಕೊಟ್ಟರೆ ಬೇಡವೆನ್ನದೆ ಕುಡಿದು ಬರಬೇಕೆಂದು ಇಬ್ಬರಿಗೂ ಮೊದಲೇ ಹೇಳಿರಿ.